ಕಾಳು ಬಿಡದ ಹಕ್ಕಿಗೆ ಸೊಪ್ಪಿನ ರುಚಿ

ಮೊದಲೇ ಹೇಳಿಬಿಡುತ್ತೇನೆ: ಕಡೂರು, ತರೀಕೆರೆಯ ತೋಟಗಳಲ್ಲಿ ಹಾರುವ ಹಸಿರು ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮುಂದಿನ ಮಾತು ಕಾಕಟೀಲ್‌ನಂಥ ವಿದೇಶಿ ಗಿಳಿ ಸಾಕಿದವರಿಗೆ.

ಸೂರ್ಯಕಾಂತಿ ಬೀಜ ಬಿಟ್ಟು ಬೇರೇನನ್ನೂ ನಿಮ್ಮ ಹಕ್ಕಿ ಮುಟ್ಟುವುದಿಲ್ಲವೇ? ಅದರಲ್ಲಿ ಕೊಬ್ಬು ಹೆಚ್ಚು, ಎ ಜೀವಸತ್ವ, ಸುಣ್ಣದಂಶ ಕಡಿಮೆ. ಆದರೂ ಒಮ್ಮೆಲೇ ನಿಲ್ಲಿಸಬೇಡಿ. ಹೊಸದು ತಿನ್ನುವ ವಸ್ತುವೆಂದೇ ತಿಳಿಯದೆ ಹಕ್ಕಿ ಉಪವಾಸ ಕೂತೀತು. ಬೆಳಗ್ಗೆ ಹಸಿದಿರುವಾಗ ಹಿತ್ತಲ ನುಗ್ಗೆಸೊಪ್ಪನ್ನು ತೊಳೆದು, ಒದ್ದೆಯಾಗಿಯೇ ಪಂಜರದಲ್ಲಿ ನೇತುಹಾಕಿ. ತುರಿದ ಕ್ಯಾರೆಟ್, ಸಿಹಿಗುಂಬಳ, ಮೊಳಕೆ ಹೆಸರುಕಾಳಿನ ಮೇಲೆ ಅದರ ಇಷ್ಟದ ಬೀಜ ನಾಲ್ಕು ಉದುರಿಸಿ. ಅದರೆದುರು ನೀವೂ ಒಂದು ಚೂರು ಕ್ಯಾರೆಟ್ ತಿನ್ನಿ. ಗುಂಪಿನಲ್ಲಿ ಉಣ್ಣುವ ಜೀವ, ನೋಡಿ ಕಲಿಯುತ್ತದೆ. ಎರಡು ಗಂಟೆ ಬಿಟ್ಟು ತಟ್ಟೆ ತೆಗೆದು ಕಾಳು ಕೊಡಿ. ವಾರಗಟ್ಟಲೆ ಹಿಡಿದೀತು, ಬೇಸರಿಸಬೇಡಿ.

ಅಷ್ಟು ದಿನವೂ ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗುತ್ತಿರಿ. ತೂಕ ಇಳಿಯುತ್ತಿದ್ದರೆ ಹಳೆಯ ಊಟಕ್ಕೇ ಮರಳಿ, ತಡಮಾಡದೆ ಪಶುವೈದ್ಯರಿಗೆ ತೋರಿಸಿ.

ಅಜ್ಜಂಪುರದ ಕಡೆ ಮನೆ ತುಂಬ ಈರುಳ್ಳಿ. ಅದನ್ನು ಮಾತ್ರ ಹಕ್ಕಿಗೆ ಕೊಡಬೇಡಿ. ಬೆಣ್ಣೆಹಣ್ಣು, ಚಾಕೊಲೇಟ್ ಕೂಡ ಅದಕ್ಕೆ ವಿಷ.