ಇನ್ನೊಂದು ಸೀಜನ್ ಓಡ್ತದ ಬಿಡ್ರಿ

ಸಿಂಧನೂರಿನ ಟೈರು ಅಂಗಡಿಯಾಗಲಿ, ಮಸ್ಕಿಯ ಪಂಕ್ಚರ್ ಅಂಗಡಿಯಾಗಲಿ, ಬೋಳಾಗುತ್ತ ಬಂದ ಟೈರಿನ ಮೇಲೆ ಅಂಗೈ ಸವರಿ ಹೇಳುವ ಮಾತು ಒಂದೇ: ‘ತಂತಿ ಕಂಡಿಲ್ಲಲ್ರಿ, ಇನ್ನೊಂದು ಸೀಜನ್ ಓಡ್ತದ ಬಿಡ್ರಿ.’ ಓಡುತ್ತದೆ, ಸುಳ್ಳೇನಲ್ಲ. ಭತ್ತದ ಚೀಲ ಹೇರಿಕೊಂಡು ಇಪ್ಪತ್ತರ ವೇಗದಲ್ಲಿ ತೆವಳುವ ಟ್ರಾಲಿಗೆ ಆ ಮಾತು ಸಾಕು. ಅದೇ ಅಳತೆಯನ್ನು ಎಂಬತ್ತರಲ್ಲಿ ಹೋಗುವ ಸಣ್ಣ ಕಾರಿಗೂ ಹಿಡಿಯುತ್ತೇವಲ್ಲ, ನನ್ನ ತಕರಾರು ಇರುವುದು ಅಲ್ಲಿ. ಇದು ಹಣಕಾಸಿನ ಅಂಕಣವಾದ್ದರಿಂದ ಮೊದಲು ದುಡ್ಡನ್ನೇ ಎಣಿಸೋಣ. ಟೈರು ಒಂದಕ್ಕೆ 3,500 ರೂಪಾಯಿ, ನಾಲ್ಕಕ್ಕೆ 14,000, ಬಾಳಿಕೆ 40,000 ಕಿ.ಮೀ. ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ ಬಿದ್ದದ್ದು 35 ಪೈಸೆ. ಲೀಟರಿಗೆ 18 ಕಿ.ಮೀ. ಕೊಡುವ ಕಾರಿಗೆ ಪೆಟ್ರೋಲೇ ಕಿಲೋಮೀಟರಿಗೆ ಐದೂವರೆ ರೂಪಾಯಿಗೂ ಹೆಚ್ಚು ತಿನ್ನುತ್ತದೆ. ಹೊಸ ಟೈರಿನ ಗೀರಿನ ಆಳ ಹೆಚ್ಚುಕಡಿಮೆ 8 ಮಿ.ಮೀ.; ಕಾನೂನು ಒಪ್ಪುವ ಕೊನೆಯ ಗಡಿ 1.6 ಮಿ.ಮೀ. ನಡುವಿನ 6.4 ಮಿ.ಮೀ. ಸವೆಯುವುದಕ್ಕೆ 40,000 ಕಿ.ಮೀ. ಎಂದರೆ, ಒಂದೊಂದು ಮಿ.ಮೀ.ಗೆ 6,250 ಕಿ.ಮೀ. ಹಾಗಾಗಿ 3 ಮಿ.ಮೀ. ಉಳಿದಿರುವಾಗಲೇ ಟೈರು ಬದಲಿಸಿದವರು ಬಿಟ್ಟುಕೊಡುವುದು 8,750 ಕಿ.ಮೀ.ಗಳ ಓಟವನ್ನು, ನಾಲ್ಕೂ ಟೈರು ಸೇರಿ ಸುಮಾರು 3,060 ರೂಪಾಯಿಯನ್ನು. ವರ್ಷಕ್ಕೆ 10,000 ಕಿ.ಮೀ. ಓಡಿಸುವವರ ಪಾಲಿಗೆ ಇದು ತಿಂಗಳಿಗೆ ಒಂದು ಲೀಟರ್ ಪೆಟ್ರೋಲಿಗಿಂತ ಕಡಿಮೆ. ‘ಇನ್ನೊಂದು ಸೀಜನ್’ ಎಂದು ಹಟ ಹಿಡಿದು ನಾವು ಉಳಿಸುವ ಗಂಟು ಇಷ್ಟೇ.

ಆ ಗಂಟಿಗೆ ಬದಲಾಗಿ ಏನು ಕೊಡುತ್ತಿದ್ದೇವೆ? ಟೈರಿನ ಗೀರು ಅಂದಕ್ಕಾಗಿ ಕೊರೆದದ್ದಲ್ಲ, ಅದು ಕಾಲುವೆ. ರಸ್ತೆಯ ಮೇಲೆ 2 ಮಿ.ಮೀ. ನೀರು ನಿಂತಿದೆ, ಕಾರು ಎಂಬತ್ತರಲ್ಲಿದೆ ಎಂದರೆ, 12 ಸೆಂ.ಮೀ. ಅಗಲ ನೆಲಕ್ಕೆ ಊರಿದ ಒಂದೊಂದು ಟೈರೂ ಸೆಕೆಂಡಿಗೆ ಐದು ಲೀಟರಿಗೂ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು. ಎರಡು ಮೂರು ಸೆಕೆಂಡಿಗೆ ಒಂದು ಕೊಡ. ತಳ್ಳಲಾಗದ ನೀರು ಟೈರಿನ ಅಡಿಗೇ ನುಗ್ಗಿ ಅದನ್ನು ಎತ್ತಿಹಿಡಿಯುತ್ತದೆ. ಆಗ ಸ್ಟೇರಿಂಗ್ ಹಗುರವಾಗುತ್ತದೆ, ಬ್ರೇಕು ಒತ್ತಿದರೆ ಒತ್ತಿದ್ದಷ್ಟೇ. ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿ 133 ಟಿಎಂಸಿಯ ಜಾಗ 105ರ ಆಸುಪಾಸಿಗೆ ಇಳಿದದ್ದಕ್ಕೆ ನಮ್ಮ ಭಾಗದಲ್ಲಿ ಸಭೆಗಳಾಗಿವೆ, ರಸ್ತೆ ತಡೆಗಳಾಗಿವೆ. ಎಂಟರಿಂದ ಮೂರಕ್ಕೆ ಇಳಿದ ಟೈರು ತನ್ನ ಕಾಲುವೆಯ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡಿರುತ್ತದೆ, ಅದರ ಬಗ್ಗೆ ಚಕಾರವಿಲ್ಲ. ಅಮೆರಿಕದ ವಾಹನ ಚಾಲಕರ ಸಂಘ ಎಎಎ 2018ರಲ್ಲಿ ಪರೀಕ್ಷಿಸಿ ನೋಡಿತ್ತು: ಸುಮಾರು 3.2 ಮಿ.ಮೀ. ಗೀರು ಉಳಿದ ಟೈರಿನ ಕಾರು, ಗಂಟೆಗೆ 96 ಕಿ.ಮೀ. ವೇಗದಿಂದ ಒದ್ದೆ ರಸ್ತೆಯಲ್ಲಿ ನಿಲ್ಲಲು ಹೊಸ ಟೈರಿನದಕ್ಕಿಂತ ಸರಾಸರಿ 87 ಅಡಿ ಹೆಚ್ಚು ದೂರ ತೆಗೆದುಕೊಂಡಿತು. ಕಾನೂನಿನ ಲೆಕ್ಕದಲ್ಲಿ ಆ ಟೈರಿಗೆ ಇನ್ನೂ ಕಾಲು ಭಾಗ ಆಯುಷ್ಯ ಬಾಕಿ ಇದ್ದಂತೆ. 87 ಅಡಿ ಎಂದರೆ ಟ್ರ್ಯಾಕ್ಟರು, ಅದರ ಟ್ರಾಲಿ, ಅದರ ಹಿಂದಿನ ಬೈಕು ಎಲ್ಲ ಸೇರಿದರೂ ಇನ್ನೂ ಜಾಗ ಉಳಿಯುವಷ್ಟು ಉದ್ದ.

ನಮ್ಮದು ಬಿಸಿಲು ನಾಡು, ಮಳೆ ಬೀಳುವ ದಿನಗಳೇ ಬೆರಳೆಣಿಕೆ, ಈ ಕಾಲುವೆ ಪುರಾಣ ಮಲೆನಾಡಿನವರಿಗೆ ಇರಲಿ ಎನ್ನುವವರುಂಟು. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಒಣಗಿದ ಡಾಂಬರಿನ ಮೇಲೆ ಬೋಳು ಟೈರು ಚೆನ್ನಾಗಿಯೇ ಹಿಡಿಯುತ್ತದೆ, ರೇಸ್ ಕಾರಿಗೆ ಗೀರೇ ಇಲ್ಲದ ಟೈರು ಹಾಕುವುದು ಅದಕ್ಕೇ. ಆದರೆ ಲಿಂಗಸುಗೂರಿನಿಂದ ಮಸ್ಕಿ ದಾಟಿ ಸಿಂಧನೂರಿಗೆ ಇಳಿಯುವ ಐವತ್ತು ಚಿಲ್ಲರೆ ಕಿಲೋಮೀಟರಿನಲ್ಲಿ ರಸ್ತೆ ಜಾರಲು ದೊಡ್ಡ ಮಳೆಯೇ ಬರಬೇಕೆಂದಿಲ್ಲ. ನಾಟಿಯ ಹೊತ್ತಿಗೆ ಗದ್ದೆಯಿಂದ ಮೇಲೇರಿದ ಟ್ರ್ಯಾಕ್ಟರಿನ ಚಕ್ರ ಹೆದ್ದಾರಿಯ ಮೇಲೆ ಎರೆಮಣ್ಣಿನ ಹೆಂಟೆಗಳನ್ನು ಉದುರಿಸುತ್ತ ಹೋಗುತ್ತದೆ. ಅದರ ಮೇಲೆ ನಾಲ್ಕು ಹನಿ ಬಿದ್ದರೆ ಬೆಣ್ಣೆ ಸವರಿದಂತೆ. ಸುಗ್ಗಿಯಲ್ಲಿ ಭತ್ತ ಹರವಿರುತ್ತಾರೆ, ಹುಲ್ಲು ಚೆಲ್ಲಿರುತ್ತದೆ. ತಿಂಗಳುಗಟ್ಟಲೆ ಧೂಳು, ಎಣ್ಣೆ ಕುಡಿದ ರಸ್ತೆಗೆ ಮೊದಲ ಮಳೆ ಬಿದ್ದಾಗಿನ ಜಾರಿಕೆಯಂತೂ ಹೇಳಬೇಕಿಲ್ಲ. ಮಳೆ ಕಡಿಮೆಯಿರುವ ಊರಿನ ಚಾಲಕನಿಗೆ ಒದ್ದೆ ರಸ್ತೆಯ ರೂಢಿಯೂ ಕಡಿಮೆ ಎಂಬುದನ್ನು ಮರೆಯಬಾರದು. ಇನ್ನು ಎರೆನೆಲ ನೀರು ಕುಡಿದು ಉಬ್ಬಿ, ಬಿಸಿಲಿಗೆ ಬಿರಿದು, ಮೇಲಿನ ರಸ್ತೆಯನ್ನು ಅಲೆ ಅಲೆಯಾಗಿ ಮಾಡುತ್ತದೆ. ಆ ಅಲೆಯ ಮೇಲೆ ಕುಪ್ಪಳಿಸುವ ಕಾರಿನ ಟೈರು ಸಮನಾಗಿ ಸವೆಯುವುದಿಲ್ಲ, ಒಂದು ಅಂಚು ತಿಂದಿರುತ್ತದೆ, ಇಲ್ಲವೇ ಅಲ್ಲಲ್ಲಿ ತಗ್ಗು ಬಿದ್ದಿರುತ್ತದೆ. ಅಂಥ ಟೈರು ಒಣ ರಸ್ತೆಯಲ್ಲೂ ಕಾರನ್ನು ಒಂದು ಮಗ್ಗುಲಿಗೆ ಎಳೆಯುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ನಡೆಯುವುದು ಎರಡೇ ಟೈರು ಕೊಳ್ಳುವಾಗ. ನಾಲ್ಕು ಒಟ್ಟಿಗೆ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಆದರೆ ಹೊಸ ಜೋಡಿ ಹೋಗುವುದು ಮುಂದಕ್ಕೆ, ಅರ್ಧ ಸವೆದದ್ದು ಹಿಂದಕ್ಕೆ. ಎಂಜಿನ್ನು ಮುಂದಿದೆ, ಎಳೆಯುವ ಚಕ್ರ ಮುಂದಿನವು, ತಿರುಗುವವೂ ಅವೇ, ಬ್ರೇಕಿನ ಭಾರವೂ ಹೆಚ್ಚಾಗಿ ಅವುಗಳ ಮೇಲೇ ಎಂಬುದು ಮೆಕ್ಯಾನಿಕ್ಕಿನ ವಾದ. ಕೇಳಲು ಸರಿಯಾಗಿದೆ, ಆದರೂ ಟೈರು ಕಂಪನಿಗಳು ಹೇಳುವುದು ತದ್ವಿರುದ್ಧ: ಚೆನ್ನಾಗಿರುವ ಜೋಡಿ ಯಾವಾಗಲೂ ಹಿಂದಕ್ಕೆ. ಕಾರಣ ಸರಳ. ಮುಂದಿನ ಚಕ್ರ ಜಾರಿದರೆ ಕಾರು ತಿರುಗಲು ಒಲ್ಲದೆ ನೇರ ಹೋಗುತ್ತದೆ. ಚಾಲಕನ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಮೇಲೇಳುತ್ತದೆ, ವೇಗ ಇಳಿದಂತೆ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಕಾರಿನ ಬಾಲವೇ ಮುಂದಕ್ಕೆ ಬರಲು ಹವಣಿಸುತ್ತದೆ. ಆಗ ಕಾಲೆತ್ತುವುದು, ಬ್ರೇಕು ಒತ್ತುವುದು ಎರಡೂ ಉರಿಯುವ ಬೆಂಕಿಗೆ ತುಪ್ಪ, ಏಕೆಂದರೆ ಎರಡರಿಂದಲೂ ಭಾರ ಮುಂದಕ್ಕೆ ವಾಲಿ ಹಿಂಬದಿ ಇನ್ನಷ್ಟು ಹಗುರವಾಗುತ್ತದೆ. ಸಣ್ಣ ಕಾರಿನ ಹಿಂಬದಿ ಮೊದಲೇ ಹಗುರ. ಎದುರಿಗೆ ಹಿಂದೀಪವಿಲ್ಲದ ಟ್ರಾಲಿ ಕಂಡು ಸ್ಟೇರಿಂಗ್ ಎಳೆದು ವಾಪಸು ತಿರುಗಿಸುವ ಆ ಒಂದು ಕ್ಷಣದಲ್ಲಿ, ಮುಂದೆ ಹೊಸ ಟೈರು ಚುರುಕಾಗಿ ತಿರುಗಿ ಹಿಂದಿನ ಬೋಳು ಟೈರು ಹಿಂಬಾಲಿಸದಿದ್ದರೆ ಕಾರು ಬುಗುರಿ. ಒಟ್ಟಿಗೆ ನಾಲ್ಕೂ ಸವೆದ ಕಾರಿಗಿಂತ ಇದೇ ಹೆಚ್ಚು ಮೋಸದ್ದು, ಏಕೆಂದರೆ ಮುಂದಿನ ಹೊಸ ಟೈರು ಕೈಗೆ ಸುಳ್ಳು ಧೈರ್ಯ ಕೊಟ್ಟಿರುತ್ತದೆ.

ಎಬಿಎಸ್ ಇದೆಯಲ್ಲ ಎಂದರೆ, ಅದು ಇರುವ ಹಿಡಿತವನ್ನು ಹದವಾಗಿ ಹಂಚುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. 2019ರ ಏಪ್ರಿಲ್‌ಗಿಂತ ಮುಂಚಿನ ಎಷ್ಟೋ ಸಣ್ಣ ಕಾರುಗಳಲ್ಲಿ ಅದೂ ಇಲ್ಲ. ನಾನು ಮನೆ, ಸಂತೆ, ಶಾಲೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ನಲವತ್ತು ದಾಟುವುದಿಲ್ಲ ಎನ್ನುವವರ ಜೊತೆ ಜಗಳವಿಲ್ಲ. ಅವರು 2 ಮಿ.ಮೀ.ವರೆಗೆ ಕಾಯಬಹುದು. ಆದರೆ ಅವರ ತೊಂದರೆ ಬೇರೆ. ವರ್ಷಕ್ಕೆ ಐದಾರು ಸಾವಿರ ಕಿ.ಮೀ. ಓಡುವ ಕಾರಿನ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ರಾಯಚೂರು ಸೀಮೆಯ ನಲವತ್ತು ದಾಟುವ ಬಿಸಿಲಿಗೆ ನಿಂತು ರಬ್ಬರು ಗಡಸಾಗಿ, ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಟೈರಿನ ಮಗ್ಗುಲಲ್ಲಿ ಅಚ್ಚೊತ್ತಿದ ನಾಲ್ಕಂಕಿ ನೋಡಿ: 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ್ದನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಗೀರು ಆಳವಾಗಿದೆ ಎಂದು ಸೆಕೆಂಡ್ ಹ್ಯಾಂಡ್ ಟೈರು ಕೊಳ್ಳುವವರು ಮೊದಲು ಓದಬೇಕಾದದ್ದೂ ಈ ನಾಲ್ಕಂಕಿಯನ್ನೇ.

ಇನ್ಶೂರೆನ್ಸ್ ಇದೆ ಎಂಬುದು ಕೊನೆಯ ಸಮಾಧಾನ. ನಮ್ಮ ದೇಶದ ಮಾಮೂಲಿ ಪಾಲಿಸಿಯಲ್ಲಿ ಟೈರು ಮಾತ್ರ ಹಾಳಾದರೆ ಪೈಸೆ ಸಿಗದು. ಕಾರಿನ ಜೊತೆಗೆ ಹಾಳಾದರೆ ಹೊಸದರ ಬೆಲೆಯ ಅರ್ಧ. ಒಂದು ಕ್ಲೇಮಿಗೆ, ಐದು ವರ್ಷ ಕ್ಲೇಮಿಲ್ಲದೆ ಗಳಿಸಿದ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್ಸೂ ಹೋಗುತ್ತದೆ. 3,060 ರೂಪಾಯಿಯ ಉಳಿತಾಯವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕೈಯಲ್ಲಿ ದುಡ್ಡಿಲ್ಲದ ತಿಂಗಳಲ್ಲೂ ಮಾಡಬಹುದಾದದ್ದು ಗಾಳಿ ಸರಿಯಾಗಿ ತುಂಬಿಸುವುದು. ನಾಸಾದ ಎಂಜಿನಿಯರುಗಳು 1960ರ ದಶಕದಲ್ಲಿ ವಿಮಾನದ ಚಕ್ರಗಳಿಗಾಗಿ ಕಂಡುಕೊಂಡ ಸೂತ್ರದಂತೆ, 30 ಪೌಂಡ್ ಗಾಳಿಯ ಟೈರು ನಿಂತ ನೀರಿನ ಮೇಲೆ ತೇಲುವುದು ಸುಮಾರು 91 ಕಿ.ಮೀ. ವೇಗದಲ್ಲಿ, 20 ಪೌಂಡಿನದು 75ಕ್ಕೇ. ಕಾರಿಗೆ ಇದು ಅಂದಾಜು ಲೆಕ್ಕ, ಆದರೂ ದಿಕ್ಕು ಸರಿ.

ಉಳಿದಂತೆ, ಕಿಲೋಮೀಟರಿಗೆ 35 ಪೈಸೆ ಎತ್ತಿಟ್ಟರೆ ಟೈರು ಒಮ್ಮೆಲೇ ಬಡಿಯುವ ಖರ್ಚಾಗುವುದಿಲ್ಲ. ತಿಂಗಳ ಸಂಬಳದವರಿಗೆ ಇದು ಸುಲಭ; ಒಕ್ಕಲುತನದವರಿಗೆ ದುಡ್ಡು ಕಾಣುವುದು ವರ್ಷಕ್ಕೆ ಎರಡು ಸಲ, ಹಾಗಾಗಿ ಬೇಸಿಗೆ ಭತ್ತದ ಪಟ್ಟಿ ಕೈಗೆ ಬಂದಾಗ, ಮುಂಗಾರಿಗೆ ಮುಂಚೆ ಟೈರು ಹಾಕಿಸುವುದು ಲೇಸು. ನಾವು ಕಾರಿನ ಚಕ್ರದ ಹತ್ತಿರ ಕೂರುವುದು ಆಯುಧಪೂಜೆಯ ದಿನ, ನಿಂಬೆಹಣ್ಣು ಇಡಲು. ಅಷ್ಟೊತ್ತಿಗೆ ಮಳೆಗಾಲ ಮುಗಿಯುತ್ತ ಬಂದಿರುತ್ತದೆ. ಅದೇ ಕೂರುವಿಕೆಯನ್ನು ಮೇ ತಿಂಗಳಲ್ಲೊಮ್ಮೆ ಕೂತರೆ, ಗೀರಿನೊಳಗೆ ಗದ್ದೆಯ ಬದುವಿನಂತೆ ಅಡ್ಡ ಎದ್ದ ಪುಟ್ಟ ರಬ್ಬರಿನ ದಿಬ್ಬ ಕಾಣುತ್ತದೆ. ಅದು 1.6 ಮಿ.ಮೀ.ನ ಗುರುತು, ಟೈರಿನ ಮೈ ಬದುವಿನ ಸಮಕ್ಕೆ ಇಳಿಯುವವರೆಗೆ ಕಾಯಬೇಕಿಲ್ಲ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಟೈರಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಟ್ರ್ಯಾಕ್ಟರ್ ಟೈರಿನದು 5ಕ್ಕೇ ಇಳಿಯಿತು, ಅದು ಬೇರೆ ಮಾತು. ಎರಡೇ ಕೊಂಡರೆ ‘ಹೊಸವು ಹಿಂದಕ್ಕೆ’ ಎಂದು ಜಾಕ್ ಹಾಕುವ ಮೊದಲೇ ಹೇಳಿಬಿಡಬೇಕು. ಅಂಗಡಿಯ ಹುಡುಗ ಮುಂದಿನ ಚಕ್ರದ ನಟ್ಟು ಬಿಚ್ಚಿದ ಮೇಲೆ ಯಾರ ಮಾತೂ ನಡೆಯುವುದಿಲ್ಲ.