ಬ್ರೋಕರ್ ಬದಲಿಸುವ ಮುನ್ನ ಹಳೆಯ ಲೆಕ್ಕ ಕೈಗೆ ಬರಲಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳಲ್ಲಿ ಷೇರು ಖಾತೆ ಎಂದರೆ ಬಹುಮಟ್ಟಿಗೆ ಪರಿಚಯದ ಏಜೆಂಟರ ಮೂಲಕ ತೆರೆದ ಖಾತೆ. ಜನ ಈಗಲೂ ಅವರನ್ನು ಸಬ್ ಬ್ರೋಕರ್ ಎಂದೇ ಕರೆಯುತ್ತಾರೆ. ಆದರೆ ಸೆಬಿ ಆ ವರ್ಗವನ್ನು 2019ರ ಮಾರ್ಚ್ 31ಕ್ಕೇ ಕೊನೆಗೊಳಿಸಿತು. ಈಗ ಅವರು ಬ್ರೋಕರ್ ಕಂಪನಿಯ ‘ಅಧಿಕೃತ ವ್ಯಕ್ತಿ’ ಮಾತ್ರ. ನಿಮ್ಮ ಕರಾರು ಇರುವುದು ಕಂಪನಿಯ ಜೊತೆ. ಏಜೆಂಟರು ಅಂಗಡಿ ಮುಚ್ಚಿದರೂ, ಬೇರೆ ಕಂಪನಿ ಸೇರಿದರೂ ನಿಮಗೆ ಲೆಕ್ಕ ಕೊಡುವ ಹೊಣೆ ಹಳೆಯ ಕಂಪನಿಯದೇ.

ಈ ಹೊಣೆಯ ಬೆಲೆ ಏನೆಂದು ದೇಶಕ್ಕೆ ಗೊತ್ತಾದದ್ದು ಹೈದರಾಬಾದಿನ ಕಾರ್ವಿ ಸ್ಟಾಕ್ ಬ್ರೋಕಿಂಗ್ ಪ್ರಕರಣದಲ್ಲಿ. ಸುಮಾರು 95 ಸಾವಿರ ಗ್ರಾಹಕರ 2,300 ಕೋಟಿ ರೂಪಾಯಿಗೂ ಹೆಚ್ಚು ಮೌಲ್ಯದ ಷೇರುಗಳನ್ನು ಅಡವಿಟ್ಟು ಆ ಕಂಪನಿ ಸಾಲ ಎತ್ತಿತ್ತು. 2019ರ ನವೆಂಬರ್ 22ರಂದು ಸೆಬಿ ಮಧ್ಯಂತರ ಆದೇಶ ಹೊರಡಿಸಿತು. ಡಿಸೆಂಬರ್ ಮೊದಲ ವಾರದಲ್ಲಿ ಸುಮಾರು 83 ಸಾವಿರ ಮಂದಿಯ ಷೇರುಗಳು ಅವರವರ ಖಾತೆಗೆ ಮರಳಿದವು. 2020ರ ನವೆಂಬರ್‌ನಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಕಾರ್ವಿಯನ್ನು ಸದಸ್ಯತ್ವದಿಂದ ಹೊರಹಾಕಿತು. ಮುಂದೆ 2021ರಲ್ಲಿ ಕಾರ್ವಿಯ ಲಕ್ಷಾಂತರ ಡಿಮ್ಯಾಟ್ ಖಾತೆಗಳು ಐಐಎಫ್‌ಎಲ್ ಸೆಕ್ಯುರಿಟೀಸ್ ಪಾಲಾದವು. ಅಂದರೆ ತಾವು ಕೇಳದೆಯೇ ಜನರಿಗೆ ಬ್ರೋಕರ್ ಬದಲಾಯಿತು. ಅಂಥ ಹೊತ್ತಿನಲ್ಲಿ ತನ್ನ ಕಾಗದ ತಾನೇ ಇಟ್ಟುಕೊಂಡವನಿಗೆ ಇರುವ ಧೈರ್ಯ ಬೇರೆಯವರಿಗೆ ಇರುವುದಿಲ್ಲ.

ಒಂದು ವಿಷಯ ಸ್ಪಷ್ಟವಾಗಿರಲಿ. ಷೇರುಗಳು ಇರುವುದು ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ ಡಿಪಾಸಿಟರಿಯಲ್ಲಿ. ಅಲ್ಲಿ ಯಾರ ಹೆಸರಲ್ಲಿ ಎಷ್ಟು ಷೇರು ಎಂಬ ಲೆಕ್ಕ ಇರುತ್ತದೆ. ಎಷ್ಟಕ್ಕೆ ಕೊಂಡಿರಿ ಎಂಬುದು ಇರುವುದು ಬ್ರೋಕರ್ ಬಳಿ. ಷೇರು ಹೊಸ ಖಾತೆಗೆ ಹೋದಾಗ ಕೊಂಡ ಬೆಲೆ ಅದರ ಹಿಂದೆ ಹೋಗುವುದಿಲ್ಲ. ಹೊಸ ಆ್ಯಪ್‌ನಲ್ಲಿ ಬೆಲೆಯ ಜಾಗ ಖಾಲಿ ಕಾಣಬಹುದು, ಇಲ್ಲವೇ ವರ್ಗಾವಣೆಯಾದ ದಿನದ ಬೆಲೆ ಬಂದು ಕೂರಬಹುದು.

ಇದರಿಂದಾಗುವ ನಷ್ಟವನ್ನು ಲೆಕ್ಕ ಹಾಕಿಯೇ ನೋಡೋಣ. 2020ರಲ್ಲಿ ತಲಾ 300 ರೂಪಾಯಿಗೆ 400 ಷೇರು ಕೊಂಡಿದ್ದೀರಿ, ಈಗ 900ಕ್ಕೆ ಮಾರುತ್ತೀರಿ ಎಂದುಕೊಳ್ಳಿ. ಲಾಭ 2,40,000. ವರ್ಷಕ್ಕೆ 1,25,000ದವರೆಗಿನ ದೀರ್ಘಾವಧಿ ಲಾಭಕ್ಕೆ ತೆರಿಗೆ ಇಲ್ಲ. ಉಳಿದ 1,15,000ಕ್ಕೆ ಶೇ 12.5ರಂತೆ 14,375 ರೂಪಾಯಿ, ಮೇಲೆ ಸೆಸ್. ಕೊಂಡ ಬೆಲೆ ಸೊನ್ನೆ ಎಂದು ದಾಖಲಾದರೆ ಅದೇ ತೆರಿಗೆ 29,375 ಆಗುತ್ತದೆ. ಹದಿನೈದು ಸಾವಿರ ಸುಮ್ಮನೆ ಹೋಯಿತು. ವರ್ಗಾವಣೆಯ ದಿನವನ್ನೇ ಖರೀದಿಯ ದಿನ ಎಂದು ಹಿಡಿದು ವರ್ಷದೊಳಗೆ ಮಾರಿದಂತೆ ತೋರಿದರೆ ದರ ಶೇ 20ಕ್ಕೆ ಏರುತ್ತದೆ. 2018ರ ಜನವರಿ 31ಕ್ಕೂ ಮೊದಲು ಕೊಂಡ ಷೇರಾದರೆ ಆ ದಿನದ ಮಾರುಕಟ್ಟೆ ಬೆಲೆಯ ಅನುಕೂಲವೂ ಇದೆ. ಅದನ್ನು ಪಡೆಯಲು ಖರೀದಿಯ ದಿನಾಂಕ ತೋರಿಸಲು ದಾಖಲೆ ಬೇಕು. ತಂದೆಯಿಂದ ಬಂದ ಷೇರಿಗೂ ತಂದೆ ಕೊಂಡ ದಿನ, ಕೊಂಡ ಬೆಲೆಯೇ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಹಿರಿಯರ ಹಳೆಯ ಕಾಗದಗಳನ್ನು ರದ್ದಿಗೆ ಹಾಕಬೇಡಿ.

ಖಾತೆ ಮುಚ್ಚಿದ ಮೇಲೆ ಲಾಗಿನ್ ನಿಲ್ಲುತ್ತದೆ. ಆದ್ದರಿಂದ ಮೊದಲು ಇಳಿಸಿಕೊಳ್ಳಬೇಕಾದದ್ದು ಎಲ್ಲ ಕಾಂಟ್ರ್ಯಾಕ್ಟ್ ನೋಟ್, ವರ್ಷವಾರು ಲಾಭ-ನಷ್ಟದ ವರದಿ, ಲೆಡ್ಜರ್, ಡಿಮ್ಯಾಟ್ ವಹಿವಾಟಿನ ಸ್ಟೇಟ್‌ಮೆಂಟ್, ಖರೀದಿ ದಿನ ಮತ್ತು ಬೆಲೆ ಇರುವ ಹೋಲ್ಡಿಂಗ್ ಪಟ್ಟಿ. ವಹಿವಾಟು ನಡೆದ 24 ಗಂಟೆಯೊಳಗೆ ಕಾಂಟ್ರ್ಯಾಕ್ಟ್ ನೋಟ್ ಕೊಡುವುದು ಬ್ರೋಕರ್ ಕರ್ತವ್ಯ, ಅದು ಉಪಕಾರವಲ್ಲ. ನಷ್ಟದ ವರದಿಗಳನ್ನೂ ಬಿಡಬೇಡಿ. ಬಂಡವಾಳ ನಷ್ಟವನ್ನು ಎಂಟು ವರ್ಷಗಳವರೆಗೆ ಮುಂದಕ್ಕೆ ಒಯ್ಯಲು ಅವಕಾಶವಿದೆ. ನಿಯಮ ಹೇಳಿದಷ್ಟು ವರ್ಷ ಮಾತ್ರ ಬ್ರೋಕರ್ ದಾಖಲೆ ಇಟ್ಟುಕೊಳ್ಳುತ್ತಾರೆ. ಆ ಅವಧಿ ಮುಗಿದ ಮೇಲೆ ಕೇಳಿ ಫಲವಿಲ್ಲ. ಮ್ಯೂಚುವಲ್ ಫಂಡ್ ಹಣದ ಚಿಂತೆ ಕಡಿಮೆ; ಅದರ ಲೆಕ್ಕ ಕ್ಯಾಮ್ಸ್, ಕೆಫಿನ್‌ಟೆಕ್ ಸಂಸ್ಥೆಗಳಿಂದ ನೇರವಾಗಿ ಸಿಗುತ್ತದೆ.

ನಮ್ಮ ಕಡೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಮೊಬೈಲ್ ನಂಬರಿನ ವಿಷಯ. ಖಾತೆ ತೆರೆಯುವಾಗ ಗ್ರಾಹಕರಿಗೆ ಇ-ಮೇಲ್ ಇಲ್ಲವೆಂದು ಏಜೆಂಟರು ತಮ್ಮದೇ ಇ-ಮೇಲ್, ಕೆಲವೊಮ್ಮೆ ತಮ್ಮದೇ ನಂಬರ್ ಬರೆದುಬಿಡುತ್ತಾರೆ. ಆಗ ಕಾಂಟ್ರ್ಯಾಕ್ಟ್ ನೋಟ್, ಓಟಿಪಿ, ಡಿಪಾಸಿಟರಿಯ ಸಂದೇಶ ಎಲ್ಲ ಅವರ ಕೈಗೆ ಹೋಗುತ್ತವೆ. ನಂಬರ್, ಇ-ಮೇಲ್ ನಿಮ್ಮದೇ ಇರಬೇಕು, ಇಲ್ಲವೇ ಗಂಡ-ಹೆಂಡತಿ, ಅವಲಂಬಿತ ತಂದೆ-ತಾಯಿ ಅಥವಾ ಮಕ್ಕಳದ್ದಿರಬೇಕು ಎಂಬುದು ಸೆಬಿ ನಿಯಮ. ಹಳೆಯ ಬ್ರೋಕರ್ ಬಳಿ ‘ಕ್ಲೈಂಟ್ ಮಾಸ್ಟರ್ ರಿಪೋರ್ಟ್’ ಕೇಳಿ ಪಡೆಯಿರಿ. ಒಂದೇ ಹಾಳೆಯಲ್ಲಿ ಹೆಸರು, ಪ್ಯಾನ್, ಬ್ಯಾಂಕ್ ಖಾತೆ, ನಾಮಿನಿ, ಮೊಬೈಲ್, ಇ-ಮೇಲ್ ಎಲ್ಲ ಇರುತ್ತದೆ. ತಪ್ಪಿದ್ದರೆ ಅದನ್ನು ತಿದ್ದಿಸಿದ ಮೇಲೆಯೇ ವರ್ಗಾವಣೆಗೆ ಕೈ ಹಾಕಿ.

ಮುಂದಿನ ದಾರಿ ಸುಲಭ. ಹೊಸ ಬ್ರೋಕರ್ ಕೊಡುವ ಕ್ಲೈಂಟ್ ಮಾಸ್ಟರ್ ರಿಪೋರ್ಟಿನ ಪ್ರತಿಯ ಜೊತೆ ಖಾತೆ ಮುಚ್ಚಿ ಷೇರು ವರ್ಗಾಯಿಸುವ ಅರ್ಜಿಯನ್ನು ಹಳೆಯ ಬ್ರೋಕರ್‌ಗೆ ಕೊಡಿ. ಎರಡೂ ಖಾತೆಗಳ ಹೆಸರು, ಪ್ಯಾನ್ ಒಂದೇ ಆಗಿದ್ದರೆ, ಜಂಟಿ ಖಾತೆಯಾದರೆ ಹೆಸರುಗಳ ಕ್ರಮವೂ ಅದೇ ಆಗಿದ್ದರೆ, ಖಾತೆ ಮುಚ್ಚಿ ಎಲ್ಲ ಷೇರು ಒಯ್ಯುವುದಕ್ಕೆ ಶುಲ್ಕ ಕೇಳುವಂತಿಲ್ಲ. ಸೆಬಿಯ 2005ರ ಸುತ್ತೋಲೆ ಹೀಗೆ ಹೇಳುತ್ತದೆ. ಮುಂಗಡ ಕಟ್ಟಿದ ವಾರ್ಷಿಕ ನಿರ್ವಹಣಾ ಶುಲ್ಕದಲ್ಲಿ ಉಳಿದ ತ್ರೈಮಾಸಿಕಗಳ ಪಾಲನ್ನು ವಾಪಸ್ ಕೇಳಬಹುದು. ಅಡವಿಟ್ಟ ಷೇರಿದ್ದರೆ ಮೊದಲು ಬಿಡಿಸಿಕೊಳ್ಳಿ.

ಷೇರು ವರ್ಗಾವಣೆಯ ಸ್ಲಿಪ್ ತುಂಬುವಾಗ ಕಾರಣದ ಜಾಗದಲ್ಲಿ ‘ಸ್ವಂತ ಖಾತೆಗೆ ವರ್ಗಾವಣೆ’ ಎಂದೇ ಇರಲಿ. ಒಡೆಯ ಬದಲಾಗದ ಕಾರಣ ಇದು ಮಾರಾಟವಲ್ಲ, ತೆರಿಗೆ ಇಲ್ಲ. ಆದರೆ ಆದಾಯ ತೆರಿಗೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಈ ವರ್ಗಾವಣೆ ಕಾಣಿಸಿಕೊಳ್ಳಬಹುದು. ಇಲಾಖೆ ಕೇಳಿದರೆ ತೋರಿಸಲು ಸ್ಲಿಪ್‌ನ ಸ್ವೀಕೃತಿ ಮತ್ತು ಎರಡೂ ಖಾತೆಗಳ ಕ್ಲೈಂಟ್ ಮಾಸ್ಟರ್ ಜೋಪಾನವಾಗಿರಲಿ. ಷೇರು ಬಂದ ಮೇಲೆ ಹೊಸ ಖಾತೆಯಲ್ಲಿ ಖರೀದಿಯ ದಿನ, ಬೆಲೆಯನ್ನು ಕಾಂಟ್ರ್ಯಾಕ್ಟ್ ನೋಟ್ ನೋಡಿಕೊಂಡು ನೀವೇ ತುಂಬಿ.

ಹಳೆಯ ಬ್ರೋಕರ್ ದಾಖಲೆ ಕೊಡದಿದ್ದರೆ ಬಾಯಿಮಾತಿನಲ್ಲಿ ಕಾಲ ಕಳೆಯಬೇಡಿ. ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ಸೆಬಿಯ ‘ಸ್ಕೋರ್ಸ್’ ಪೋರ್ಟಲ್‌ನಲ್ಲಿ ಉಚಿತವಾಗಿ ದೂರು ದಾಖಲಿಸಿ. ಕಂಪನಿ 21 ದಿನದೊಳಗೆ ಉತ್ತರ ಕೊಡಬೇಕು. ಅದಕ್ಕೂ ಬಗ್ಗದಿದ್ದರೆ ‘ಸ್ಮಾರ್ಟ್ ಒಡಿಆರ್’ನಲ್ಲಿ ಆನ್‌ಲೈನ್ ಸಂಧಾನ, ನಂತರ ಮಧ್ಯಸ್ಥಿಕೆ ನಡೆಯುತ್ತದೆ. ಅದಕ್ಕಾಗಿ ಬೆಂಗಳೂರು, ಮುಂಬೈಗೆ ಓಡಬೇಕಿಲ್ಲ. ಅರ್ಜಿ ಬರೆಯಲು ತಿಳಿಯದವರು ತಮ್ಮ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಿ, ಅಥವಾ 15100ಕ್ಕೆ ಕರೆ ಮಾಡಿ. ಸೆಬಿಯ ಶುಲ್ಕರಹಿತ ಸಂಖ್ಯೆ 1800 266 7575. ಸ್ಕೋರ್ಸ್‌ನಲ್ಲಿ ದೂರು ಕೊಡಲು ಇರುವ ಗಡುವು ಒಂದು ವರ್ಷ ಮಾತ್ರ.