ಬಚ್ಚಲುಮನೆಯ ಬಿಸಿನೀರು: ಕೂಡುಕುಟುಂಬಕ್ಕೆ ತಕ್ಕ ವ್ಯವಸ್ಥೆ ಯಾವುದು?

ಸ್ನಾನ ಮಾಡದೆ ಇಷ್ಟಲಿಂಗಪೂಜೆಗೆ ಕುಳಿತುಕೊಳ್ಳುವ ರೂಢಿ ನಮ್ಮ ಮನೆಗಳಲ್ಲಿಲ್ಲ. ನಸುಕಿನಲ್ಲಿ ಬಚ್ಚಲ ಒಲೆ ಹೊತ್ತಿತೆಂದರೆ ಮನೆ ಎಚ್ಚೆತ್ತಿತೆಂದೇ ಅರ್ಥ. ತಾಮ್ರದ ಹಂಡೆಯ ನೀರು ತಲೆಮಾರುಗಳನ್ನು ಸಲಹಿದೆ. ಆದರೆ ಇಂದು ಹಂಡೆಯ ಜಾಗಕ್ಕೆ ಬಂದಿರುವ ಸಾಧನಗಳನ್ನು ನಾವು ಬೆಲೆಯನ್ನಷ್ಟೇ ನೋಡಿ ಕೊಳ್ಳುತ್ತಿದ್ದೇವೆ. ಅವು ಮನೆಯವರ ಆರೋಗ್ಯಕ್ಕೆ, ಒಮ್ಮೊಮ್ಮೆ ಪ್ರಾಣಕ್ಕೆ ಸಂಬಂಧಿಸಿದವು ಎಂಬುದನ್ನು ಮರೆಯುತ್ತೇವೆ. ನಾವೂ ಮರೆತಿದ್ದೆವು.

ನಮ್ಮದು ಹನ್ನೊಂದು ಜನರ ಮನೆ. ಕೆಲವು ವರ್ಷಗಳ ಹಿಂದೆ ಸೌದೆಯ ಹೊಗೆ ಬೇಡವೆಂದು ಬಚ್ಚಲುಮನೆಯ ಒಳಗೋಡೆಗೆ ಗ್ಯಾಸ್ ಗೀಸರ್ ಹಾಕಿಸಿದೆವು. ಒಂದು ಚಳಿಗಾಲದ ಬೆಳಿಗ್ಗೆ ತಮ್ಮನ ಮಗಳು ಸ್ನಾನಕ್ಕೆ ಹೋದವಳು ಹೊರಬರಲಿಲ್ಲ. ಚಳಿಗಾಳಿ ಬರುತ್ತದೆಂದು ಕಿಟಕಿಯನ್ನು ಮುಚ್ಚಲಾಗಿತ್ತು. ನೀರಿನ ಸದ್ದು ಮಾತ್ರ ಕೇಳುತ್ತಿತ್ತು, ಕೂಗಿದರೆ ಉತ್ತರವಿಲ್ಲ. ಚಿಲಕ ಸಡಿಲವಾಗಿದ್ದುದರಿಂದ ಬಾಗಿಲು ತಳ್ಳಿ ಅವಳನ್ನು ಅಂಗಳಕ್ಕೆ ಎತ್ತಿ ತಂದೆವು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಚೇತರಿಸಿಕೊಂಡಳು. ಇನ್ನು ಸ್ವಲ್ಪ ಹೊತ್ತು ಕಳೆದಿದ್ದರೆ ಬದುಕುತ್ತಿರಲಿಲ್ಲವೆಂದು ವೈದ್ಯರು ಹೇಳಿದರು. ಅಂದಿನಿಂದ ಈ ವಿಷಯವನ್ನು ಓದಿ, ಕೇಳಿ, ಲೆಕ್ಕ ಹಾಕಿ ತಿಳಿದುಕೊಂಡದ್ದನ್ನು ಸದ್ಭಕ್ತರ ಮುಂದಿಡುತ್ತಿದ್ದೇವೆ.

ಕಾಣದ ವಿಷ

ಯಾವುದೇ ಉರುವಲು ಸಾಕಷ್ಟು ಗಾಳಿಯಿಲ್ಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಹೀಗಾಗಿ ಉಸಿರಾಡುತ್ತಿದ್ದರೂ ಮಿದುಳಿಗೆ, ಹೃದಯಕ್ಕೆ ಆಮ್ಲಜನಕ ತಲುಪುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲುಗಳ ಬಲ ಕುಂದುವುದು ಇದರ ಲಕ್ಷಣಗಳು. ಲಕ್ಷಣ ಅರಿವಿಗೆ ಬರುವ ಹೊತ್ತಿಗೆ ಎದ್ದು ಬಾಗಿಲು ತೆರೆಯುವ ಶಕ್ತಿಯೇ ಉಳಿದಿರುವುದಿಲ್ಲ. ಕೆಲವರಿಗೆ ಸ್ನಾನದ ವೇಳೆ ಸೆಳವು ಬಂದು, ಅದನ್ನು ಮೂರ್ಛೆರೋಗವೆಂದು ತಪ್ಪು ತಿಳಿದದ್ದೂ ಉಂಟು.

"ಗ್ಯಾಸ್ ವಾಸನೆ ಬರಲಿಲ್ಲವಲ್ಲ" ಎಂದು ನಾವೂ ಅಂದು ಹೇಳಿದೆವು. ಅಡುಗೆ ಅನಿಲದ ಸೋರಿಕೆ ತಿಳಿಯಲೆಂದು ಅದಕ್ಕೆ ವಾಸನೆಯನ್ನು ಬೆರೆಸಿರುತ್ತಾರೆ. ಉರಿದ ಮೇಲೆ ಹುಟ್ಟುವ ವಿಷಕ್ಕೆ ಆ ವಾಸನೆ ಇರುವುದಿಲ್ಲ. ಆದ್ದರಿಂದ ಗ್ಯಾಸ್ ಗೀಸರ್ ಬೇಕೇಬೇಕೆಂದರೆ ಅದನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಕಡೆ ಕೂಡಿಸಿ, ನೀರಿನ ಕೊಳವೆಯನ್ನು ಮಾತ್ರ ಒಳಗೆ ತರಬೇಕು.

ಇದೇ ಮಾತು ಬಚ್ಚಲ ಒಲೆಗೂ ಸಲ್ಲುತ್ತದೆ. ಒಲೆಯ ಬಾಯಿ ಹೊರಗಿದ್ದು, ಹೊಗೆ ಚಿಮಣಿಯಿಂದ ಹೋಗುವಂತಿರಬೇಕು. ಬಾಣಂತಿಯ ಕೋಣೆಯಲ್ಲಿ ಕಿಟಕಿ ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿಯನ್ನಂತೂ ಇಂದೇ ಬಿಡಬೇಕು. ತಾಯಿಗಿಂತ ಹಸುಗೂಸಿಗೆ ಅದು ಹೆಚ್ಚು ಅಪಾಯಕರ. ಬೆಚ್ಚಗಿನ ಬಟ್ಟೆ, ಕುಲಾವಿ, ತಾಯಿಯ ಮೈಶಾಖ ಇವೇ ಮಗುವಿಗೆ ಸಾಕು.

ಮೊದಲು ಲೆಕ್ಕ

ಸಾಧನ ಕೊಳ್ಳುವ ಮುನ್ನ ಮನೆಯ ಅಗತ್ಯವನ್ನು ಅಳೆಯಬೇಕು. ಒಬ್ಬರಿಗೆ ಒಂದು ಬಕೆಟ್, ಅಂದರೆ 20 ಲೀಟರ್ ಎಂದರೆ ಹನ್ನೊಂದು ಜನರಿಗೆ 220 ಲೀಟರ್. ಸ್ನಾನಕ್ಕೆ ಹಿತವಾದ ಬಿಸಿ ಸುಮಾರು 40 ಡಿಗ್ರಿ ಸೆಲ್ಸಿಯಸ್. ಚಳಿಗಾಲದ ತಣ್ಣೀರು 22 ಡಿಗ್ರಿ ಇದ್ದು, ಟ್ಯಾಂಕಿನ ನೀರು 60 ಡಿಗ್ರಿ ಇದ್ದರೆ, ಎರಡನ್ನೂ ಬೆರೆಸಿದಾಗ ಬೇಕಾಗುವ ಬಿಸಿನೀರು ಸುಮಾರು 105 ಲೀಟರ್ ಮಾತ್ರ. ಅಡುಗೆಮನೆಗೂ ಬಟ್ಟೆಗೂ ಸೇರಿಸಿದರೆ 150 ಲೀಟರ್. ಷವರ್ ಬಳಸುವ ಮನೆಗೆ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ.

25 ಲೀಟರಿನ ವಿದ್ಯುತ್ ಗೀಸರ್ ಒಮ್ಮೆ ತುಂಬಿದರೆ ಎರಡೂವರೆ ಬಕೆಟ್ ಹಿತವಾದ ನೀರು ಸಿಗುತ್ತದೆ. ಅದು 2 ಕಿಲೋವ್ಯಾಟಿನದಾದರೆ ಮತ್ತೆ ಕಾಯಲು ಅರ್ಧ ಗಂಟೆಗೂ ಹೆಚ್ಚು ಬೇಕು. ಹನ್ನೊಂದು ಜನರ ಸ್ನಾನ ಮುಗಿಯಲು ಎರಡು ಗಂಟೆ ಮೀರುತ್ತದೆ. ಸ್ನಾನವೊಂದಕ್ಕೇ ದಿನಕ್ಕೆ ಸುಮಾರು ನಾಲ್ಕೂವರೆಯಿಂದ ಐದು ಯೂನಿಟ್ ವಿದ್ಯುತ್ ತಗಲುತ್ತದೆ. ಆದ್ದರಿಂದ ವಿದ್ಯುತ್ ಗೀಸರ್ ಚಿಕ್ಕ ಸಂಸಾರಕ್ಕೆ ಒಪ್ಪುತ್ತದೆ, ಕೂಡುಕುಟುಂಬಕ್ಕೆ ಅದು ಆಪತ್ಕಾಲದ ಆಸರೆಯಾಗಿರಲಿ. ಅದಕ್ಕೆ ಸರಿಯಾದ ಅರ್ಥಿಂಗ್, 16 ಆಂಪಿಯರ್ ಸಾಕೆಟ್, ಸೋರುವ ವಿದ್ಯುತ್ತನ್ನು ತಕ್ಷಣ ತಡೆಯುವ 30 ಮಿಲಿ ಆಂಪಿಯರ್ ಬ್ರೇಕರ್ ಇರಲೇಬೇಕು. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಮಕ್ಕಳಿರುವ ಮನೆಗೆ ತರವಲ್ಲ. ಬಳಸುವವರು ಲೋಹದ ಬಕೆಟ್ಟಿನಲ್ಲಿ ಅದನ್ನು ಇಡಬಾರದು, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು.

ಸೂರ್ಯನ ಆಸರೆ

ಇವೆಲ್ಲವನ್ನು ತೂಗಿ ನೋಡಿ ನಾವು 200 ಲೀಟರಿನ ಸೋಲಾರ್ ಹಾಕಿಸಿದೆವು. ಬಿಸಿಲು ಧಾರಾಳವಾಗಿರುವ ನಮ್ಮ ನಾಡಿಗೆ ಇದು ಹೊಂದುತ್ತದೆ. ಫಲಕಗಳು ದಕ್ಷಿಣಕ್ಕೆ ಮುಖ ಮಾಡಿರಬೇಕು. ತೆಂಗಿನ ಮರದ ನೆರಳಾಗಲಿ ನೀರಿನ ತೊಟ್ಟಿಯ ನೆರಳಾಗಲಿ ಅವುಗಳ ಮೇಲೆ ಬೀಳಬಾರದು. ಸಾಮಾನ್ಯ ಸೋಲಾರಿಗೆ ತಣ್ಣೀರಿನ ತೊಟ್ಟಿ ಬಿಸಿನೀರಿನ ಟ್ಯಾಂಕಿಗಿಂತ ಎತ್ತರದಲ್ಲಿರಬೇಕು. ಕೊಳವೆಬಾವಿಯ ಗಡಸು ನೀರು ತಾಮ್ರದ ಕೊಳವೆಗಳೊಳಗೆ ಬಿಳಿಯ ಪದರ ಕಟ್ಟುತ್ತದೆ. ಅಂತಹ ಊರುಗಳಲ್ಲಿ ಗಾಜಿನ ಕೊಳವೆಗಳ ಮಾದರಿ ಹೆಚ್ಚು ಅನುಕೂಲಕರ, ಆದರೆ ಮಂಗಗಳ ಕಾಟವಿದ್ದಲ್ಲಿ ಒಡೆಯುವ ಭಯವುಂಟು.

ಸೋಲಾರಿಗೂ ಮಿತಿಯುಂಟು. ಮಳೆಗಾಲದ ಮೋಡದ ದಿನಗಳಲ್ಲಿ, ವಿಶೇಷವಾಗಿ ಮಲೆನಾಡಿನಲ್ಲಿ, ಅದೊಂದನ್ನೇ ನೆಚ್ಚುವಂತಿಲ್ಲ. ಟ್ಯಾಂಕಿನೊಳಗೆ ವಿದ್ಯುತ್ ಕಾಯಿಲಿನ ಬೆಂಬಲ ಇರಬೇಕು. ರಾತ್ರಿ ನೀರು ಖರ್ಚಾದರೆ ನಸುಕಿಗೆ ಬಿಸಿನೀರಿಲ್ಲ. ಆದ್ದರಿಂದ ಬಟ್ಟೆ, ಪಾತ್ರೆಗಳ ಕೆಲಸವನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡೆವು. ಮಾಳಿಗೆಯಿಂದ ಬರುವ ಕೊಳವೆಗೆ ಶಾಖ ತಡೆಯುವ ಹೊದಿಕೆ ಹಾಕಿಸಿದೆವು. ಮೊದಲು ಬರುವ ತಣ್ಣೀರನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಗಳಿಗೆ ಹಾಕುತ್ತೇವೆ.

ಬಿಸಿಯಲ್ಲಿಯೂ ಹದ

ಟ್ಯಾಂಕಿನ ನೀರನ್ನು ಉಗುರುಬೆಚ್ಚಗೆ ಇಡುವುದು ಒಳ್ಳೆಯದಲ್ಲ. 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಶ್ವಾಸಕೋಶಕ್ಕೆ ರೋಗ ತರುವ ಲೀಜಿಯೊನೆಲ್ಲಾ ಎಂಬ ಸೂಕ್ಷ್ಮಾಣು ಬೆಳೆಯಬಲ್ಲದು. 60 ಡಿಗ್ರಿಯಲ್ಲಿ ಅದು ಉಳಿಯದು. ಆದರೆ ಅದೇ 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೂ ಸುಮಾರು ಐದು ಸೆಕೆಂಡುಗಳಲ್ಲಿ ಆಳವಾಗಿ ಸುಡುತ್ತದೆ. ಮಕ್ಕಳ ಮತ್ತು ವೃದ್ಧರ ತೆಳುಚರ್ಮಕ್ಕೆ ಅಷ್ಟೂ ಬೇಕಿಲ್ಲ. ಬೇಸಿಗೆಯಲ್ಲಿ ಸೋಲಾರಿನ ನೀರು ಇನ್ನೂ ಹೆಚ್ಚು ಕಾದಿರುತ್ತದೆ. ಆದ್ದರಿಂದ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬುದು ಮನೆಯ ನಿಯಮವಾಗಲಿ. ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶ ಕುಂದಿದವರಿಗೆ ಬೇರೆಯವರು ಕೈಯಿಟ್ಟು ನೋಡಿ ನೀರು ಕೊಡಬೇಕು. ಸುಟ್ಟರೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿದು ವೈದ್ಯರಲ್ಲಿಗೆ ಹೋಗಬೇಕು. ಶಾಯಿ, ಪೇಸ್ಟು, ಅರಿಸಿನ ಹಚ್ಚಬಾರದು.

ನಮ್ಮ ಅವ್ವ ಈಗಲೂ ಹಂಡೆಯ ನೀರೇ ಹಿತವೆನ್ನುತ್ತಾರೆ. ಹಂಡೆಯನ್ನು ನಾವು ಮಾರಿಲ್ಲ. ಸೋಲಾರಿನ ನೀರನ್ನೇ ಅದಕ್ಕೆ ತುಂಬಿಸಿ ಕೊಡುತ್ತೇವೆ, ಅವರಿಗೂ ಸಮಾಧಾನ. ತಮ್ಮನ ಮಗಳು ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಅವಳು ಸ್ನಾನಕ್ಕೆ ಹೋದಾಗ ಇಂದಿಗೂ ಮನೆಯಲ್ಲಿ ಒಬ್ಬರು ಕಿವಿಗೊಟ್ಟು ಕುಳಿತಿರುತ್ತಾರೆ. ಈ ಭಯ ಬೇರೆ ಯಾವ ಮನೆಗೂ ಬಾರದಿರಲಿ. ಈ ಸಂಚಿಕೆಯನ್ನು ಕೆಳಗಿಟ್ಟೊಡನೆ ಸದ್ಭಕ್ತರು ಒಮ್ಮೆ ಎದ್ದು ತಮ್ಮ ಬಚ್ಚಲುಮನೆಯ ಕಿಟಕಿಯನ್ನೂ ಗೀಸರ್ ಇರುವ ಜಾಗವನ್ನೂ ನೋಡಿ ಬರಬೇಕೆಂದು ಪ್ರಾರ್ಥಿಸುತ್ತೇವೆ.